ನೀಲಗಿರಿ ಬೆಟ್ಟದ ಸ್ಟೀಮ್ ಇಂಜಿನ್ ಓಡ್ಸೋದು ಹೇಗೆ: ಬೆಂಕಿ ಹಾಕೋದ್ರಿಂದ ಹಿಡಿದು ಕೆಳಗೆ ಇಳಿಸೋವರ್ಗೂ

ಮೈಸೂರು, ಬೆಂಗ್ಳೂರು ಕಡೆಯಿಂದ ಊಟಿಗೆ ಹೋಗೋರು ಹೆಚ್ಚಿನವ್ರು ಗುಂಡ್ಲುಪೇಟೆ ಬಂಡೀಪುರ ದಾಟಿ ರಸ್ತೇಲೇ ಬೆಟ್ಟ ಹತ್ತಿ, ಊಟಿ ಸ್ಟೇಷನ್ನಲ್ಲಿ ಟಾಯ್ ಟ್ರೈನ್ ಹಿಡಿದು ಕೂನೂರಿನವರ್ಗೂ ಬಂದು ವಾಪಸ್ ಹೋಗ್ಬಿಡ್ತಾರೆ. ಆ ದಾರಿ ಚೆನ್ನಾಗೇ ಇದೆ, ಕೆತ್ತಿ ಕಣಿವೆ, ಬಡಗರ ಹಳ್ಳಿಗಳು, ಟೀ ತೋಟ ಎಲ್ಲಾ ಕಾಣುತ್ತೆ, ಆದ್ರೆ ಅಲ್ಲಿ ಸಾಮಾನ್ಯವಾಗಿ ಇರೋದು ಡೀಸೆಲ್ ಇಂಜಿನ್. ಉಗಿ ಇಂಜಿನ್ನಿನ ನಿಜವಾದ ಕೆಲಸ ಇರೋದು ಕೂನೂರಿನಿಂದ ಕೆಳಗೆ, ಮೆಟ್ಟುಪಾಳ್ಯದವರ್ಗಿನ ದಾರೀಲಿ. ಆ ಇಂಜಿನ್ನನ್ನ ಹೇಗೆ ಓಡಿಸ್ತಾರೆ, ಒಂದಾದ ಮೇಲೆ ಒಂದು ಏನೇನು ಮಾಡ್ತಾರೆ, ಯಾಕೆ ಹಾಗೇ ಮಾಡ್ತಾರೆ ಅನ್ನೋದನ್ನ ಕನ್ನಡದಲ್ಲಿ ಒಂದ್ಕಡೆ ಬರೆದಿಡ್ಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು, ಅದಕ್ಕೇ ಇದು.

ಮೊದ್ಲು ದಾರಿ ಬಗ್ಗೆ ಸ್ವಲ್ಪ. ಮೆಟ್ಟುಪಾಳ್ಯ ಇರೋದು ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ, ಊಟಿ 2,203 ಮೀಟರ್, ಮಧ್ಯ ಇರೋದು ಬರೀ 46 ಕಿಲೋಮೀಟರ್ ಮೀಟರ್‌ಗೇಜ್ ಹಳಿ. ಕೂನೂರಿನವರ್ಗೂ 1899ರಲ್ಲಿ ರೈಲು ಬಂತು, ಊಟಿ ಮುಟ್ಟಿದ್ದು 1908ರಲ್ಲಿ, ಯುನೆಸ್ಕೋ ಪಟ್ಟಿಗೆ ಸೇರಿದ್ದು 2005ರಲ್ಲಿ. ಮೆಟ್ಟುಪಾಳ್ಯದಿಂದ ಕಲ್ಲಾರ್‌ವರ್ಗೂ ಸುಮಾರು 8 ಕಿಲೋಮೀಟರ್ ಆರಾಮು. ಕಲ್ಲಾರ್ ದಾಟಿದ ತಕ್ಷಣ ಬೆಟ್ಟ ಎದ್ದು ನಿಲ್ಲುತ್ತೆ, ಅಲ್ಲಿಂದ ಕೂನೂರಿನವರ್ಗಿನ ಸುಮಾರು 19 ಕಿಲೋಮೀಟರ್‌ನಲ್ಲಿ ಏರು ಎಷ್ಟರಮಟ್ಟಿಗೆ ಇದೆ ಅಂದ್ರೆ ಕೆಲವು ಕಡೆ 12 ಅಡಿ ಮುಂದೆ ಹೋದ್ರೆ 1 ಅಡಿ ಮೇಲೆ ಹೋಗಿರ್ತೀರಿ. ಮಾಮೂಲಿ ರೈಲಿಗೆ ಇದು ಆಗೋ ಮಾತೇ ಅಲ್ಲ, ಕಬ್ಬಿಣದ ಗಾಲಿ ಕಬ್ಬಿಣದ ಹಳಿ ಮೇಲೆ ಜಾರುತ್ತೆ. ಅದಕ್ಕೇ ಎರಡು ಹಳಿ ಮಧ್ಯದಲ್ಲಿ ಹಲ್ಲುಪಟ್ಟಿ ಹಾಕಿದಾರೆ, ಸ್ವಿಸ್ ಇಂಜಿನಿಯರ್ ರೋಮನ್ ಆಬ್ಟ್ ಕಂಡುಹಿಡಿದ ಪದ್ಧತಿ, ಅಕ್ಕಪಕ್ಕ ಎರಡು ಪಟ್ಟಿ, ಒಂದರ ಹಲ್ಲು ಇರೋ ಕಡೆ ಇನ್ನೊಂದರ ಸಂದು ಬರೋ ಹಾಗೆ ಕೂರ್ಸಿರ್ತಾರೆ, ಹಾಗಾಗಿ ಇಂಜಿನ್ನಿನ ಹಲ್ಲುಚಕ್ರ ಯಾವ ಕ್ಷಣದಲ್ಲೂ ಹಿಡಿತ ಬಿಡೋದಿಲ್ಲ.

ಯಾರು ಓಡಿಸ್ಬಹುದು

ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೇಳೋರು ಜಾಸ್ತಿ. ಇದು ದಕ್ಷಿಣ ರೈಲ್ವೆಯ ಮಾಮೂಲಿ ಸರ್ವಿಸ್ ಲೈನು, ದುಡ್ಡು ಕೊಟ್ಟು ಒಂದು ದಿನ ಓಡಿಸಿ ಬರೋಕೆ ಆಗಲ್ಲ. ಓಡ್ಸೋರು ರೈಲ್ವೆ ನೌಕರರೇ. ಹತ್ತನೇ ಕ್ಲಾಸು, ಅದ್ರ ಜೊತೆ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ರೈಲ್ವೆ ನೇಮಕಾತಿ ಮಂಡಳಿಯ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆ ಪಾಸಾಗಿ, ಆಮೇಲೆ ಈ ಬೆಟ್ಟದ ಲೈನಿಗೆ ಪೋಸ್ಟಿಂಗ್ ಸಿಕ್ಕಿದ್ರೆ ಹಿರಿಯರ ಕೈಕೆಳಗೆ ಕೂತು ಕಲೀಬೇಕು. ಸ್ಟೀಮ್ ಓಡ್ಸೋದನ್ನ ಪುಸ್ತಕದಿಂದ ಕಲಿಯೋಕಾಗಲ್ಲ ಅನ್ನೋದು ನಿಜಾನೇ, ಆದ್ರೂ ಏನು ನೋಡ್ಬೇಕು ಅಂತ ಮೊದ್ಲೇ ಗೊತ್ತಿದ್ರೆ ಕಲಿಯೋದು ಬೇಗ ಆಗುತ್ತೆ. ಸುಮ್ನೆ ಪ್ಯಾಸೆಂಜರಾಗಿ ಹೋಗೋರಿಗೂ ಇದು ಗೊತ್ತಿದ್ರೆ ಸ್ಟೇಷನ್ನಲ್ಲಿ ಇಳಿದು ಇಂಜಿನ್ ಹತ್ರ ನಿಂತಾಗ ಏನು ನಡೀತಿದೆ ಅಂತ ತಿಳಿಯುತ್ತೆ.

ಇಂಜಿನ್ನಿನ ಒಳಗೆ ಏನಿದೆ

ಈ ಲೈನಿನ ಇಂಜಿನ್ನುಗಳಿಗೆ ಎಕ್ಸ್ ಕ್ಲಾಸ್ ಅಂತಾರೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೇಲಿ 1914ರಿಂದ 1925ರ ಒಳಗೆ 12 ಮಾಡಿದ್ರು, 1952ರಲ್ಲಿ ಇನ್ನೂ 5 ಬಂತು. ಅವು ಹಳೇದಾಗ್ತಾ ಬಂದಾಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನವ್ರು ಅದೇ ನಮೂನೆ ಹಿಡ್ಕೊಂಡು 2011ರಿಂದ 2014ರ ಒಳಗೆ ಎಣ್ಣೆ ಉರಿಸೋ ಹೊಸ ಇಂಜಿನ್ 4 ಮಾಡಿದ್ರು, 2021ರಲ್ಲಿ ಕಲ್ಲಿದ್ದಲಿನದೂ ಒಂದು ಹೊಸದು ಹೊರಗೆ ಬಂತು. ಈ ಕಾಲದಲ್ಲಿ ನಮ್ಮ ದೇಶದ ಒಂದು ವರ್ಕ್‌ಶಾಪು ಸ್ಟೀಮ್ ಇಂಜಿನ್ನನ್ನ ಹೊಸದಾಗಿ ಕಟ್ಟುತ್ತೆ ಅಂದ್ರೆ ನನಗಂತೂ ಅದು ಬಹಳ ಹೆಮ್ಮೆ ವಿಷಯ, ಇದರ ಬಗ್ಗೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗ್ಬೇಕು.

ಪಕ್ಕದಿಂದ ನೋಡಿದ್ರೆ ಒಂದೊಂದು ಬದಿಗೂ ಮೇಲೊಂದು ಕೆಳಗೊಂದು ಸಿಲಿಂಡರ್ ಕಾಣುತ್ತೆ, ಒಟ್ಟು ನಾಲ್ಕು. ಕೆಳಗಿನ ಜೋಡಿ ಮಾಮೂಲಿ ಗಾಲಿಗಳನ್ನ ತಿರುಗ್ಸುತ್ತೆ. ಮೇಲಿನ ಜೋಡಿ ಗೇರ್ ಮೂಲಕ ಹಲ್ಲುಚಕ್ರಗಳನ್ನ ತಿರುಗ್ಸುತ್ತೆ. ಸಪಾಟು ಹಳೀಲಿ ಹೋಗುವಾಗ ಕೆಳಗಿನ ಎರಡಕ್ಕೆ ಮಾತ್ರ ಉಗಿ. ಹಲ್ಲುಪಟ್ಟಿ ಮೇಲೆ ಬಂದಾಗ ಬಾಯ್ಲರಿಂದ ಬಂದ ಉಗಿ ಮೊದ್ಲು ಕೆಳಗಿನ ಸಿಲಿಂಡರಲ್ಲಿ ಕೆಲಸ ಮಾಡಿ, ಅಲ್ಲಿಂದ ಒತ್ತಡ ಕಮ್ಮಿಯಾದ ಉಗಿ ಮೇಲಿನ ಸಿಲಿಂಡರಿಗೆ ಹೋಗಿ ಎರಡನೇ ಸಲ ಕೆಲಸ ಮಾಡಿ ಆಮೇಲೆ ಚಿಮಣಿಯಿಂದ ಹೊರಗೆ ಹೋಗುತ್ತೆ. ಇದ್ರಲ್ಲಿ ಉಗಿ ಉಳಿತಾಯ ಒಂದು, ಇನ್ನೊಂದು ಲಾಭ ಅದಕ್ಕಿಂತ ಚೆಂದ: ಮಳೇಲಿ ಹಳಿ ಒದ್ದೆಯಾಗಿ ಗಾಲಿ ಜಾರಿತು ಅಂದ್ಕೊಳ್ಳಿ, ಆಗ ಕೆಳಗಿನ ಸಿಲಿಂಡರು ಜೋರಾಗಿ ತಿರುಗಿ ಹೆಚ್ಚು ಉಗೀನ ಮೇಲಿನ ಕಡೆಗೆ ತಳ್ಳುತ್ತೆ, ಮಧ್ಯದ ಪೈಪಲ್ಲಿ ಒತ್ತಡ ಏರುತ್ತೆ, ಅದು ಜಾರ್ತಿರೋ ಗಾಲೀನ ತಡೆಯುತ್ತೆ ಮತ್ತೆ ಹಲ್ಲುಚಕ್ರಕ್ಕೆ ಜಾಸ್ತಿ ಬಲ ಕೊಡುತ್ತೆ. ಡ್ರೈವರ್ ಕೈ ಹಾಕೋಕೆ ಮುಂಚೇನೇ ಇಂಜಿನ್ನು ತಾನೇ ಅರ್ಧ ಸರಿಮಾಡ್ಕೊಂಡಿರುತ್ತೆ.

ಬೆಂಕಿ ಹಾಕೋದು

ಬಾಯ್ಲರ್ ಪೂರ್ತಿ ತಣ್ಣಗಾಗಿದ್ರೆ ಆತುರ ಬೇಡ, ಗಂಟೆಗಟ್ಟಲೆ ಬೇಕು. ಹೊಸ ಮಡಕೆನ ಒಂದೇ ಸಲ ಜೋರು ಉರಿ ಮೇಲೆ ಇಟ್ರೆ ಬಿರುಕು ಬಿಡೋ ಹಾಗೇ ಇದೂನೂ, ಫೈರ್‌ಬಾಕ್ಸಿನ, ಅಂದ್ರೆ ಬೆಂಕಿ ಉರಿಯೋ ಗೂಡಿನ, ತಗಡು ಬೇಗ ಹಿಗ್ಗುತ್ತೆ, ಹೊರಗಿನ ದಪ್ಪ ತಗಡು ನಿಧಾನಕ್ಕೆ ಹಿಗ್ಗುತ್ತೆ, ಎರಡನ್ನ ಹಿಡಿದಿರೋ ಸ್ಟೇ ಬೋಲ್ಟುಗಳು ಮತ್ತೆ ಬಿಸಿ ಹೊಗೆ ಹೋಗೋ ಕೊಳವೆಯ ಬಾಯಿಗಳು ಸೋರೋಕೆ ಶುರುವಾಗುತ್ತೆ. ಹಿಂದಿನ ಸಂಜೆ ಬೆಟ್ಟ ಇಳಿದು ಬಂದಿರೋ ಇಂಜಿನ್ನಲ್ಲಿ ಬಿಸಿ ಇನ್ನೂ ಉಳಿದಿರುತ್ತೆ, ಅದಕ್ಕೆ ಅಷ್ಟು ಹೊತ್ತು ಬೇಡ, ಆದ್ರೂ ಬೆಳಿಗ್ಗೆ 7 ಗಂಟೆ ದಾಟ್ತಿದ್ದ ಹಾಗೇ ಗಾಡಿ ಹೊರಡ್ಬೇಕು ಅಂದ್ರೆ ಕತ್ತಲಿರುವಾಗ್ಲೇ ಕೆಲಸ ಶುರು.

ಬೆಂಕಿಗೆ ಮುಂಚೆ ನೀರು. ಇದು ಎಷ್ಟು ಸಲ ಹೇಳಿದ್ರೂ ಕಮ್ಮೀನೇ. ಗೇಜ್ ಗ್ಲಾಸಲ್ಲಿ, ಅಂದ್ರೆ ಬಾಯ್ಲರಿನ ನೀರಿನ ಮಟ್ಟ ತೋರ್ಸೋ ಗಾಜಲ್ಲಿ, ನೀರು ಕಾಣ್ತಿದೆ ಅಂತ ನಂಬ್ಕೊಂಡು ಬಿಡ್ಬೇಡಿ, ಕೆಳಗಿನ ಕಾಕ್ (ನಲ್ಲಿ) ತೆಗೆದು ಗಾಜನ್ನ ಖಾಲಿ ಮಾಡಿ ನೋಡಿ, ಮುಚ್ಚಿದ ತಕ್ಷಣ ನೀರು ಜಿಗಿದು ವಾಪಸ್ ಬಂದ್ರೆ ದಾರಿ ಸರಿ ಇದೆ ಅಂತ ಅರ್ಥ, ನಿಧಾನಕ್ಕೆ ತೆವಳ್ಕೊಂಡು ಬಂದ್ರೆ ಎಲ್ಲೋ ಕೆಸರು ಕಟ್ಕೊಂಡಿದೆ. ಎರಡು ಗ್ಲಾಸ್ ಇದ್ರೆ ಎರಡನ್ನೂ ಪರೀಕ್ಷೆ ಮಾಡಿ, ಎರಡೂ ಒಂದೇ ಮಟ್ಟ ತೋರಿಸ್ಬೇಕು. ಫೈರ್‌ಬಾಕ್ಸಿನ ಒಳಗೆ ತಲೆ ಹಾಕಿ ಟಾರ್ಚಲ್ಲಿ ನೋಡಿ, ಎಲ್ಲಾದ್ರೂ ನೀರು ಜಿನುಗ್ತಿದೆಯಾ, ಮೇಲಿನ ತಗಡಿನಲ್ಲಿರೋ ಸೀಸದ ಪ್ಲಗ್ಗು ಒಣಗಿದೆಯಾ. ನೀರು ಕಮ್ಮಿಯಾಗಿ ತಗಡು ಕಾದಾಗ ಆ ಪ್ಲಗ್ಗಿನ ಸೀಸ ಕರಗಿ ಉಗಿ ಬೆಂಕಿ ಮೇಲೆ ನುಗ್ಗುತ್ತೆ, ಅದು ಕೊನೇ ಎಚ್ಚರಿಕೆ, ಅಲ್ಲೀವರ್ಗೂ ಹೋಗೋ ಹಾಗೇ ಇಲ್ಲ.

ಕಲ್ಲಿದ್ದಲಾದ್ರೆ ಕಟ್ಟಿಗೆ, ಎಣ್ಣೆ ಬಟ್ಟೆ ಇಟ್ಟು ಉರಿ ಹತ್ತಿಸಿ, ಫೈರ್‌ಬಾಕ್ಸಿನ ತಳದ ಕಂಬಿಗಳ ಮೇಲೆ ತೆಳ್ಳಗೆ ಹರಡ್ತಾ ಬೆಳೆಸ್ಬೇಕು. ಎಣ್ಣೆ ಇಂಜಿನ್ನಲ್ಲಿ ಬೇರೆ ತೊಂದ್ರೆ, ಬರ್ನರಿಂದ ಎಣ್ಣೆ ಹನಿಹನಿಯಾಗಿ ಚಿಮ್ಮೋಕೆ ಉಗಿ ಬೇಕು, ಆದ್ರೆ ತಣ್ಣಗಿರೋ ಇಂಜಿನ್ನಲ್ಲಿ ಉಗಿ ಎಲ್ಲಿಂದ ಬರ್ಬೇಕು, ಹಾಗಾಗಿ ಶೆಡ್ಡಿನ ಗಾಳಿ ಒತ್ತಡನೋ ಪಕ್ಕದ ಇಂಜಿನ್ನಿನ ಉಗಿನೋ ತಗೊಂಡು ಶುರು ಮಾಡ್ಬೇಕಾಗುತ್ತೆ. ಉರಿಯೋ ಬಟ್ಟೆ ಒಳಗಿಟ್ಟ ಮೇಲೇನೇ ಎಣ್ಣೆ ಬಿಡ್ಬೇಕು, ಎಣ್ಣೆ ಮೊದ್ಲು ಬಿಟ್ಟು ಆಮೇಲೆ ಬೆಂಕಿ ಕೊಟ್ರೆ ಒಳಗೆ ತುಂಬಿರೋ ಆವಿ ಢಂ ಅಂತ ಹತ್ಕೊಂಡು ಬಾಗಿಲಿನಿಂದ ಮುಖಕ್ಕೇ ಬರುತ್ತೆ. ಉರಿ ಸರಿ ಇದೆಯಾ ಅಂತ ನೋಡೋಕೆ ಚಿಮಣಿ ನೋಡಿ. ಕಪ್ಪು ಹೊಗೆ ಬಂದ್ರೆ ಎಣ್ಣೆ ಜಾಸ್ತಿ, ಏನೂ ಕಾಣದೇ ಇದ್ರೆ ಗಾಳಿ ಜಾಸ್ತಿ, ತೆಳ್ಳಗೆ ಬೂದು ಬಣ್ಣದ ಮಬ್ಬು ಇದ್ರೆ ಅದೇ ಸರಿಯಾದ ಹದ.

ಕಲ್ಲಿದ್ದಲೇ ಚೆನ್ನಾಗಿತ್ತು, ಎಣ್ಣೆ ಹಾಕಿ ಹಾಳು ಮಾಡಿದ್ರು ಅನ್ನೋ ಅಭಿಮಾನಿಗಳು ಬಹಳ ಇದಾರೆ. ನಾನು ಒಪ್ಪಲ್ಲ. ಈ ಹಳಿ ಹೋಗೋದು ಕಾಡಿನ ಮಧ್ಯೆ, ಬೇಸಿಗೇಲಿ ಒಣಹುಲ್ಲು ನಿಂತಿರುತ್ತೆ, ಕಲ್ಲಿದ್ದಲಿನ ಕಿಡಿ ಹಾರಿದ್ರೆ ಎಷ್ಟು ದೂರ ಹತ್ಕೊಳ್ಳುತ್ತೋ ಹೇಳೋಕಾಗಲ್ಲ. ಉಗಿ ಉಗೀನೇ, ಕೆಳಗೆ ಏನು ಉರಿದ್ರೂ ಮೇಲಿನ ಕೆಲಸ ಒಂದೇ.

ಒತ್ತಡ ಏರ್ತಿರುವಾಗ ಡ್ರೈವರ್ ಎಣ್ಣೆ ಡಬ್ಬ ಹಿಡ್ಕೊಂಡು ಸುತ್ತು ಹಾಕ್ಬೇಕು. ಬೇರಿಂಗಿಗೆ ಒಂದು ಥರ ಎಣ್ಣೆ, ಸಿಲಿಂಡರಿಗೆ ಬೇರೆ, ಸಿಲಿಂಡರಿನದು ದಪ್ಪ ಎಣ್ಣೆ, ಉಗಿ ಬಿಸಿಗೆ ತೊಳೆದು ಹೋಗ್ಬಾರ್ದು ಅಂತ. ಅದಲ್ಬದಲು ಮಾಡಿದ್ರೆ ಎರಡೂ ಕಡೆ ನಷ್ಟ. ಎಣ್ಣೆ ಹಾಕ್ತಾ ಹಾಕ್ತಾ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡ್ಬೇಕು, ಸಡಿಲವಾದ ಪಿನ್ನು, ಕಾಣೆಯಾದ ಕಾಟರು ಬೆಣೆ, ಬಿರುಕು ಬಿಟ್ಟ ಸ್ಪ್ರಿಂಗು ಎಲ್ಲಾ ಸಿಗೋದು ಈ ಸುತ್ತಲ್ಲೇ. ಈ ಇಂಜಿನ್ನಲ್ಲಿ ಹೊಟ್ಟೆ ಕೆಳಗೆ ಹಲ್ಲುಚಕ್ರ, ಅದರ ಗೇರು, ಅದರ ಬ್ರೇಕ್ ಪಟ್ಟಿ ಇರುತ್ತೆ, ಅದನ್ನ ನೋಡೋಕೆ ಶೆಡ್ಡಲ್ಲಿ ಹಳಿ ಮಧ್ಯ ಇರೋ ಗುಂಡಿಯೊಳಗೆ ಇಳೀಲೇಬೇಕು. ಬಟ್ಟೆ ಕೊಳೆಯಾಗುತ್ತೆ ಅಂತ ಬಿಟ್ರೆ ಆಗಲ್ಲ.

ಹೊರಡೋದು

ಇಲ್ಲಿ ಎಲ್ಲರಿಗೂ ಆಶ್ಚರ್ಯ ಆಗೋ ವಿಷ್ಯ ಇದೆ. ಬೆಟ್ಟ ಹತ್ತುವಾಗ ಇಂಜಿನ್ ಮುಂದೆ ಇರಲ್ಲ, ಹಿಂದೆ ಇರುತ್ತೆ, ಬೋಗಿಗಳನ್ನ ತಳ್ಕೊಂಡು ಹೋಗುತ್ತೆ. ಕಪ್ಲಿಂಗ್ ಕಿತ್ತು ಹೋದ್ರೂ ಬೋಗಿ ಕೆಳಗೆ ಓಡಿಹೋಗ್ಬಾರ್ದು, ಇಂಜಿನ್ ಯಾವಾಗ್ಲೂ ತಗ್ಗಿನ ಕಡೆ ಆನಿಸ್ಕೊಂಡಿರ್ಬೇಕು ಅನ್ನೋ ಲೆಕ್ಕ. ಅಂದ್ರೆ ಡ್ರೈವರಿಗೆ ಮುಂದಿನ ಹಳಿ ಕಾಣಲ್ಲ. ಮುಂದಿನ ಬೋಗಿಯ ಮುಂಭಾಗದಲ್ಲಿ ನಿಂತಿರೋ ಬ್ರೇಕ್ಸ್‌ಮನ್ನೇ ಅವನ ಕಣ್ಣು. ಒಂದೊಂದು ಬೋಗಿಗೂ ಒಬ್ಬೊಬ್ಬ ಬ್ರೇಕ್ಸ್‌ಮನ್, ಕೈಯಲ್ಲಿ ಕೆಂಪು ಹಸಿರು ಬಾವುಟ. ಮುಂದಿನವ್ನು ಬಾವುಟ ತೋರ್ಸಿದ್ರೆ ಅದು ಒಬ್ಬರಿಂದ ಒಬ್ಬರಿಗೆ ದಾಟ್ಕೊಂಡು ಇಂಜಿನ್‌ವರ್ಗೂ ಬರುತ್ತೆ, ಇಂಜಿನ್ನಿಂದ ಅವ್ರಿಗೆ ಉತ್ತರ ಹೋಗೋದು ಸಿಳ್ಳೆ ಮೂಲಕ. ಹಾಗಾಗಿ ಡ್ರೈವರ್ ತಲೆ ಯಾವಾಗ್ಲೂ ಹೊರಗೆ ಇರ್ಬೇಕು, ತಿರುವು ಬಂದಾಗ ಯಾವ ಕಡೆಯಿಂದ ಬಾವುಟ ಕಾಣುತ್ತೆ ಅನ್ನೋದು ಬಾಯಿಪಾಠ ಆಗಿರ್ಬೇಕು, 208 ತಿರುವು ಇರೋ ಲೈನಿದು.

ಹೊರಡುವಾಗ ಸಿಲಿಂಡರಿನ ಕೆಳಗಿನ ಡ್ರೇನ್ ಕಾಕ್ ತೆಗೆದಿಡಿ. ರಾತ್ರಿಯೆಲ್ಲಾ ತಣ್ಣಗಿದ್ದ ಸಿಲಿಂಡರಿಗೆ ಉಗಿ ಹೋದ ತಕ್ಷಣ ನೀರಾಗುತ್ತೆ, ನೀರನ್ನ ಅಮುಕೋಕಾಗಲ್ಲ, ಪಿಸ್ಟನ್ ಅದನ್ನ ಒತ್ತೋಕೆ ಹೋದ್ರೆ ಸಿಲಿಂಡರಿನ ಮುಚ್ಚಳಾನೇ ಒಡೆಯುತ್ತೆ. ದಿಕ್ಕು ಬದಲಿಸೋ ರಿವರ್ಸರ್ ಪೂರ್ತಿ ಮುಂದಕ್ಕೆ, ಬ್ರೇಕ್ ಬಿಡಿ, ಸಿಳ್ಳೆ ಹಾಕಿ, ಸಿಲಿಂಡರಿಗೆ ಉಗಿ ಬಿಡೋ ರೆಗ್ಯುಲೇಟರನ್ನ ಒಂಚೂರು ತೆಗೆದು ಕಾಯಿರಿ. ಉಗಿ ಸಿಲಿಂಡರು ತುಂಬೋಕೆ ಸ್ವಲ್ಪ ಹೊತ್ತು ಬೇಕು, ಏನೂ ಆಗ್ತಿಲ್ಲ ಅಂತ ಇನ್ನೂ ಎಳೆದ್ರೆ ಒಂದೇ ಸಲ ಒದ್ದು ಹೊರಡುತ್ತೆ, ಒಳಗೆ ಕೂತೋರ ಕಾಫಿ ಎಲ್ಲಾ ಮೈಮೇಲೆ. ಉಗಿ ಒಣಗಿ ಬರೋಕೆ ಶುರುವಾದ ಮೇಲೆ ಕಾಕ್ ಮುಚ್ಚಿ. ಭವಾನಿ ನದಿ ಸೇತುವೆ ದಾಟಿ ಕಲ್ಲಾರ್‌ವರ್ಗೂ ಇರೋ ದಾರೀಲಿ ಅವಸರ ಮಾಡೋಕೆ ಏನಿಲ್ಲ, ಈ ಹೊತ್ತಲ್ಲಿ ಬೆಂಕಿ ಗಟ್ಟಿ ಮಾಡ್ಕೊಂಡು, ನೀರು ಸರಿ ಮಾಡ್ಕೊಂಡು, ಒತ್ತಡ ಪೂರ್ತಿ ಏರ್ಸ್ಕೊಂಡು ಕಲ್ಲಾರ್ ಮುಟ್ಬೇಕು. ಕಲ್ಲಾರಲ್ಲಿ ಒತ್ತಡ ಕಮ್ಮಿ ಇಟ್ಕೊಂಡು ಬಂದೋರು ಮುಂದೆ ಬೆಟ್ಟದ ಉದ್ದಕ್ಕೂ ಸಾಲ ತೀರಿಸ್ತಾನೇ ಇರ್ಬೇಕಾಗುತ್ತೆ.

ಹಲ್ಲಿಗೆ ಹಲ್ಲು ಕೂರ್ಸೋದು

ಹಲ್ಲುಪಟ್ಟಿ ಶುರುವಾಗೋ ಜಾಗದಲ್ಲಿ ಗಾಡಿ ಮನುಷ್ಯ ನಡೆಯೋ ವೇಗಕ್ಕೆ ಬರ್ಬೇಕು. ಪಟ್ಟಿಯ ಮೊದಲ ತುಂಡು ಸ್ಪ್ರಿಂಗ್ ಮೇಲೆ ಕೂತಿರುತ್ತೆ, ಹಲ್ಲು ಸರಿಯಾಗಿ ಸಂದಿಗೆ ಬೀಳದೇ ತುದಿಗೆ ತುದಿ ಕೂತ್ರೂ ಅದು ಸ್ವಲ್ಪ ಅಮುಕ್ಕೊಂಡು ಮುಂದಿನ ಹಲ್ಲಿಗೆ ದಾರಿ ಬಿಡುತ್ತೆ. ಅದಕ್ಕೆ ಮುಂಚೆ ಮೇಲಿನ ಸಿಲಿಂಡರಿಗೆ ಸ್ವಲ್ಪ ಉಗಿ ಕೊಟ್ಟು ಹಲ್ಲುಚಕ್ರ ತಿರುಗೋ ಹಾಗೆ ಇಟ್ಕೊಂಡಿರ್ಬೇಕು, ಗಾಡಿಯ ವೇಗ ಮತ್ತೆ ಚಕ್ರದ ಅಂಚಿನ ವೇಗ ಒಂದೇ ಥರ ಇದ್ರೆ ಸದ್ದಿಲ್ಲದೇ ಕೂರುತ್ತೆ, ಇಲ್ಲಾಂದ್ರೆ ಕಾಲಿಗೇ ಗೊತ್ತಾಗೋ ಹಾಗೆ ಕಟಕಟ ಅನ್ನುತ್ತೆ. ಬೋಗಿಗಳ ಆಕ್ಸಲ್ ಮೇಲೂ ಬ್ರೇಕಿಗೆ ಅಂತ ಹಲ್ಲುಚಕ್ರ ಇರುತ್ತೆ, ಅವೂ ಒಂದೊಂದಾಗಿ ಕೂರ್ಬೇಕು, ಪೂರ್ತಿ ಗಾಡಿ ಪಟ್ಟಿ ಮೇಲೆ ಬರೋವರ್ಗೂ ವೇಗ ಏರಿಸ್ಬಾರ್ದು.

ಕೂತ ಮೇಲೆ ರೆಗ್ಯುಲೇಟರ್ ತೆಗೆದು, ನಾಲ್ಕೂ ಸಿಲಿಂಡರಿಗೆ ಕೆಲಸ ಕೊಡಿ. ಇಲ್ಲಿ ಶಬ್ದ ಕೇಳ್ಬೇಕು ನೀವು, ಮೇಲಿನ ಜೋಡಿ ಕೆಳಗಿನದಕ್ಕಿಂತ ಬೇಗ ಬೇಗ ಹೊಡೆಯುತ್ತೆ, ಎರಡು ತಾಳ ಒಂದ್ರೊಳಗೊಂದು ಸೇರ್ಕೊಂಡು ಕಣಿವೆ ತುಂಬಾ ಕೇಳುತ್ತೆ. ಡ್ರೈವರಿಗೆ ಆ ಶಬ್ದಾನೇ ಮೀಟರು, ತಾಳ ತಪ್ಪಿತು ಅಂದ್ರೆ ಗಾಲಿ ಜಾರ್ತಿದೆ ಅಂತ ಕಣ್ಣಿಗೆ ಕಾಣೋಕೆ ಮುಂಚೆ ಕಿವಿಗೆ ಗೊತ್ತಾಗುತ್ತೆ. ಹಲ್ಲುಪಟ್ಟಿ ಮೇಲೆ ಗಂಟೆಗೆ 13 ಕಿಲೋಮೀಟರ್ ಮಿತಿ, ಅದಕ್ಕಿಂತ ಜಾಸ್ತಿ ಹೋಗೋ ಹಾಗಿಲ್ಲ.

ನೀರು, ಮತ್ತೆ ನೀರು

ನನ್ನ ಕೇಳಿದ್ರೆ ಈ ಲೈನಲ್ಲಿ ಹತ್ತೋ ಕೆಲಸದ ಮುಕ್ಕಾಲು ಭಾಗ ನೀರಿನ ಲೆಕ್ಕಾನೇ. ಅದರಲ್ಲೂ ಇಳಿಜಾರಿನ ಲೆಕ್ಕ. ಬಾಯ್ಲರಲ್ಲಿ ನೀರು ಯಾವಾಗ್ಲೂ ಸಮಮಟ್ಟಕ್ಕೆ ನಿಲ್ಲುತ್ತೆ, ಬಾಯ್ಲರ್ ಓರೆಯಾದ್ರೆ ಒಂದು ತುದೀಲಿ ಜಾಸ್ತಿ, ಇನ್ನೊಂದು ತುದೀಲಿ ಕಮ್ಮಿ. 12ಕ್ಕೆ 1 ಏರಲ್ಲಿ 3 ಮೀಟರ್ ಉದ್ದಕ್ಕೆ 25 ಸೆಂಟಿಮೀಟರ್ ವ್ಯತ್ಯಾಸ ಬರುತ್ತೆ, ಲೆಕ್ಕ ಹಾಕಿ ನೋಡಿ. ಗೇಜ್ ಗ್ಲಾಸ್ ಇರೋದು ಫೈರ್‌ಬಾಕ್ಸ್ ಕಡೆ, ಆ ಕಡೆ ತಗ್ಗಿಗೆ ಇದ್ದಾಗ ಗ್ಲಾಸ್ ತುಂಬಿದ ಹಾಗೆ ಕಾಣುತ್ತೆ, ಆದ್ರೆ ಸ್ಟೇಷನ್ ಬಂದು ಹಳಿ ಸ್ವಲ್ಪ ಸಪಾಟಾದ ತಕ್ಷಣ ನೀರು ಮುಂದಕ್ಕೆ ಹರಿದು ಗ್ಲಾಸಲ್ಲಿ ಸರ್ರಂತ ಇಳಿದುಬಿಡುತ್ತೆ, ಬೆಂಕಿ ಮೇಲಿನ ತಗಡಿನ ಮೇಲೆ ಇರ್ಬೇಕಾದ ನೀರೂ ಅದರ ಜೊತೆ ಇಳಿಯುತ್ತೆ. ಹಾಗಾಗಿ ಬೆಂಕಿ, ನೀರು ನೋಡ್ಕೊಳ್ಳೋ ಫೈರ್‌ಮನ್ ಈಗ ಗ್ಲಾಸಲ್ಲಿ ಎಷ್ಟಿದೆ ಅಂತ ನೋಡಿದ್ರೆ ಸಾಲಲ್ಲ, ಇನ್ನು ಅರ್ಧ ಕಿಲೋಮೀಟರ್ ಆದ್ಮೇಲೆ ಹಳಿ ಹೇಗಿರುತ್ತೆ, ಅಲ್ಲಿ ಎಷ್ಟು ತೋರ್ಸುತ್ತೆ ಅಂತ ಈಗ್ಲೇ ಗೊತ್ತಿದ್ದು, ಬಾಯ್ಲರಿಗೆ ನೀರು ತಳ್ಳೋ ಇಂಜೆಕ್ಟರ್ ಹಾಕ್ಬೇಕು. ಹಾಗಂತ ಹೆದರಿ ತುಂಬಾ ತುಂಬಿಸಿದ್ರೆ ನೀರೇ ಉಗಿ ಜೊತೆ ಎದ್ದು ಸಿಲಿಂಡರಿಗೆ ಹೋಗುತ್ತೆ, ಚಿಮಣಿಯಿಂದ ಕೊಳಕು ನೀರು ಉಗುಳುತ್ತೆ, ಬಲ ಬಿದ್ದುಹೋಗುತ್ತೆ. ಈ ಎರಡರ ಮಧ್ಯ ಇರೋ ಜಾಗ ಈ ಲೈನಲ್ಲಿ ಬಹಳ ಕಿರಿದು.

ಇಂಜೆಕ್ಟರ್ ಹಾಕೋಕೆ ಮೊದ್ಲು ನೀರು ತೆಗೀರಿ, ಆಮೇಲೆ ಉಗಿ. ಹೊರಗಿನ ಪೈಪಿಂದ ಸುರೀತಿರೋದು ನಿಂತು ಒಂದು ಥರ ಹಾಡೋ ಶಬ್ದ ಬಂದ್ರೆ ಹಿಡೀತು ಅಂತ. ಹಿಡೀದೇ ಇದ್ರೆ ಪೂರ್ತಿ ಮುಚ್ಚಿ, ಇಂಜೆಕ್ಟರ್ ಮೇಲೆ ತಣ್ಣೀರು ಹಾಕಿ ಮತ್ತೆ ಶುರು ಮಾಡಿ, ಸಾಮಾನ್ಯವಾಗಿ ಬಿಸಿಯಾಗಿ ಹೋಗಿರುತ್ತೆ. ಒಂದು ಇಂಜೆಕ್ಟರ್ ಪೂರ್ತಿ ಕೈಕೊಟ್ರೂ ಇನ್ನೊಂದು ಇರುತ್ತೆ, ಎರಡೂ ಕೈಕೊಟ್ರೆ ಯೋಚನೆ ಮಾಡ್ತಾ ನಿಲ್ಬೇಡಿ, ಗಾಡಿ ನಿಲ್ಸಿ ಬೆಂಕಿ ಆರಿಸಿ. ಎಣ್ಣೆ ಇಂಜಿನ್ನಲ್ಲಿ ಒಂದು ವಾಲ್ವ್ ತಿರುಗ್ಸಿದ್ರೆ ಆಯ್ತು, ಕಲ್ಲಿದ್ದಲಲ್ಲಿ ಬೆಂಕಿ ಕೆಳಗೆ ಬೀಳ್ಸೋಕೆ ಹೊತ್ತು ಬೇಕು, ಅಷ್ಟು ಬೇಗ ನಿರ್ಧಾರ ಮಾಡ್ಬೇಕು.

ದಾರೀಲಿ ಹಿಲ್‌ಗ್ರೋವ್ ಥರದ ಸ್ಟೇಷನ್ನಲ್ಲಿ ಗಾಡಿ ನಿಲ್ಸಿ ಟ್ಯಾಂಕಿಗೆ ನೀರು ತುಂಬಿಸ್ತಾರೆ. ಜನ ಎಲ್ಲಾ ಇಳಿದು ವಡೆ ತಿಂತಾ ಫೋಟೋ ತೆಗೀತಾ ಇರ್ತಾರೆ, ಆ ಹೊತ್ತಲ್ಲಿ ಸಿಬ್ಬಂದಿ ನೀರು ತುಂಬಿಸೋದ್ರ ಜೊತೆ ಮತ್ತೊಂದು ಸುತ್ತು ಎಣ್ಣೆ ಹಾಕಿ, ಬೇರಿಂಗ್ ಮುಟ್ಟಿ ಬಿಸಿ ನೋಡಿ, ಗ್ಲಾಸ್ ಮತ್ತೆ ಪರೀಕ್ಷೆ ಮಾಡ್ಬೇಕು. ಆಗ ಹೋಗಿ ಡ್ರೈವರನ್ನ ಮಾತಾಡ್ಸೋಕೆ ನಿಲ್ಬೇಡಿ, ದೂರದಿಂದ ನೋಡಿ, ಕೂನೂರು ಮುಟ್ಟಿದ ಮೇಲೆ ಮಾತಾಡ್ಸಿ, ಖುಷಿಯಾಗಿ ಹೇಳ್ತಾರೆ.

ಇಳಿಸೋದು

ಹತ್ತೋದು ನೋಡೋಕೆ ಚೆಂದ. ಇಳಿಸೋದು ಕಷ್ಟ. ಉಗಿ ಇಲ್ಲದಿದ್ರೂ ಗಾಡಿ ತಾನಾಗೇ ಹೋಗುತ್ತೆ, ಅದೇ ಅಪಾಯ. ಇಳಿಯುವಾಗ್ಲೂ ಇಂಜಿನ್ ತಗ್ಗಿನ ಕಡೇನೇ, ಅಂದ್ರೆ ಈಗ ಮುಂದೆ ಇರುತ್ತೆ, ಬೋಗಿಗಳ ಭಾರ ಎಲ್ಲಾ ಅದರ ಬೆನ್ನ ಮೇಲೆ.

ಬ್ರೇಕ್ ಬ್ಲಾಕ್ ಒತ್ತಿಕೊಂಡೇ 19 ಕಿಲೋಮೀಟರ್ ಇಳಿಯೋಕಾಗಲ್ಲ. 13 ಕಿಲೋಮೀಟರ್ ವೇಗದಲ್ಲಿ ಹೋದ್ರೂ ಸುಮಾರು ಒಂದೂವರೆ ಗಂಟೆ, ಅಷ್ಟು ಹೊತ್ತು ಉಜ್ಜಿದ್ರೆ ಬ್ಲಾಕು ಗಾಲಿ ಎರಡೂ ಕಾದು ಹಿಡಿತ ಹೋಗುತ್ತೆ. ಅದಕ್ಕೆ ಪರಿಹಾರ ಇನ್ನೊಬ್ಬ ಸ್ವಿಸ್ ಇಂಜಿನಿಯರ್ ನಿಕ್ಲಾಸ್ ರಿಗೆನ್‌ಬಾಕ್‌ನದು: ಇಂಜಿನ್ನಿನ ಸಿಲಿಂಡರನ್ನೇ ಗಾಳಿ ಪಂಪು ಮಾಡ್ಕೊಳ್ಳೋದು. ರೆಗ್ಯುಲೇಟರ್ ಪೂರ್ತಿ ಮುಚ್ಚಿ, ರಿವರ್ಸರನ್ನ ಹತ್ತೋ ದಿಕ್ಕಿಗೇ ಇಟ್ಟು ಗಾಡಿ ಇಳಿಯೋಕೆ ಬಿಟ್ರೆ ಪಿಸ್ಟನ್‌ಗಳು ಹೊರಗಿನ ಗಾಳಿ ಎಳ್ಕೊಂಡು ಒತ್ತೋಕೆ ಶುರು ಮಾಡುತ್ತೆ, ಆ ಒತ್ತೋ ಕೆಲಸಾನೇ ಗಾಡೀನ ತಡೆಯುತ್ತೆ. ಚಿಮಣಿ ಕಡೆಯ ದಾರಿ ಮುಚ್ಚಿ ಶುದ್ಧ ಗಾಳಿ ವಾಲ್ವ್ ತೆಗೆಯೋದನ್ನ ಮರೀಬಾರ್ದು, ಇಲ್ಲಾಂದ್ರೆ ಚಿಮಣಿ ಬುಡದ ಸ್ಮೋಕ್‌ಬಾಕ್ಸಿನ ಮಸಿ ಬೂದಿ ಎಲ್ಲಾ ಸಿಲಿಂಡರಿಗೆ ನುಗ್ಗಿ ಒಳಗೆ ಗೀರು ಬೀಳುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ, ಅದಕ್ಕೆ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ನೀರು ಬಿಡ್ತಾರೆ, ಆ ನೀರು ಆವಿಯಾಗಿ ಬಿಸಿ ಹೊತ್ಕೊಂಡು ಹೋಗುತ್ತೆ. ಒತ್ತಿದ ಗಾಳೀನ ಹೊರಗೆ ಬಿಡೋ ವಾಲ್ವ್ ಡ್ರೈವರ್ ಕೈಯಲ್ಲಿ, ಜಾಸ್ತಿ ತೆಗೆದ್ರೆ ಗಾಡಿ ಸಲೀಸು, ಬಿಗಿ ಮಾಡಿದ್ರೆ ನಿಧಾನ. ಇಳಿಯೋ ಗಾಡಿಯಿಂದ ಕೇಳೋ ಆ ಉದ್ದದ ಬುಸ್ಸ್ ಶಬ್ದ ಅದೇ.

ಬ್ರೇಕ್ ಇದೊಂದೇ ಅಲ್ಲ. ಗಾಲಿಗೆ ಕೈಬ್ರೇಕು, ಗಾಡಿಗೆಲ್ಲಾ ವ್ಯಾಕ್ಯೂಮ್ ಬ್ರೇಕು (ಪೈಪಿಂದ ಗಾಳಿ ಎಳೆದಿಟ್ರೆ ಬಿಡೋದು, ಗಾಳಿ ನುಗ್ಗಿದ್ರೆ ಹಿಡಿಯೋದು), ಹಲ್ಲುಚಕ್ರದ ಮೇಲೆ ಪಟ್ಟಿ ಬ್ರೇಕು, ಬೋಗಿಬೋಗಿಗೂ ಬ್ರೇಕ್ಸ್‌ಮನ್ ತಿರುಗ್ಸೋ ಬ್ರೇಕು ಬೇರೆ. ಕೂನೂರು ಬಿಡೋಕೆ ಮುಂಚೆ ಇವೆಲ್ಲಾನೂ ಒಂದೊಂದಾಗಿ ಹಾಕಿ ಬಿಟ್ಟು ನೋಡ್ಬೇಕು, ಒಂದಕ್ಕೆ ಅನುಮಾನ ಇದ್ರೂ ಹೊರಡ್ಬಾರ್ದು. ವೇಗ ಕಾಯೋದು ಸಿಲಿಂಡರಿನ ಗಾಳಿ ಬ್ರೇಕಿಂದ, ನಿಲ್ಸೋದು ಉಳಿದವುಗಳಿಂದ, ಈ ಹಂಚಿಕೆ ಮನಸ್ಸಲ್ಲಿ ಗಟ್ಟಿ ಇರ್ಲಿ. ಬ್ರೇಕ್ಸ್‌ಮನ್‌ಗಳು ಸಿಳ್ಳೆ ಕೇಳಿದ ತಕ್ಷಣ ಕೆಲಸ ಮಾಡ್ತಾರೆ, ಆದ್ರೆ ಮನುಷ್ಯನ ಕೈ ತಿರುಗ್ಸಿ ಹಿಡಿಸೋ ಬ್ರೇಕಿಗೆ ಹೊತ್ತು ಹಿಡಿಯುತ್ತೆ, ಬೇಕಾಗೋಕೆ ಮುಂಚೇನೇ ಸಿಳ್ಳೆ ಹಾಕ್ಬೇಕು.

ಹೊಸಬರು ಮರೆಯೋ ಒಂದು ವಿಷ್ಯ ಇದೆ. ಇಳಿಯುವಾಗ ಉಗಿ ಬೇಡ ಅಂದ್ಕೊಂಡು ಬೆಂಕಿ ಕೈಬಿಟ್ಬಿಡ್ತಾರೆ. ವ್ಯಾಕ್ಯೂಮ್ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಮಾಡೋದು ಎಜೆಕ್ಟರ್, ಎಜೆಕ್ಟರ್ ನಡೆಯೋದು ಉಗಿಯಿಂದ. ಒತ್ತಡ ಬಿದ್ರೆ ವ್ಯಾಕ್ಯೂಮ್ ನಿಲ್ಲಲ್ಲ, ಬ್ರೇಕು ತಾನೇ ಹಿಡ್ಕೊಂಡು ಗಾಡಿ ಕಾಡಿನ ಮಧ್ಯ ನಿಂತ್ಬಿಡುತ್ತೆ, ಬಿಡ್ಸೋಕೆ ಉಗಿ ಇರಲ್ಲ, ಇಂಜೆಕ್ಟರಿಗೂ ಉಗಿ ಇರಲ್ಲ. ಸಣ್ಣ ಉರಿ ಯಾವಾಗ್ಲೂ ಇಟ್ಕೊಂಡಿರಿ, ಸೇಫ್ಟಿ ವಾಲ್ವ್ ಹಾರೋ ಅಷ್ಟೂ ಬೇಡ, ಒತ್ತಡದ ಮೀಟರಿನ ಸೂಜಿ ಕೆಳಗೆ ಬೀಳೋ ಅಷ್ಟೂ ಬೇಡ.

ಮಳೆ, ಮಣ್ಣು, ಆನೆ

ಈ ಇಳಿಜಾರಿಗೆ ಹಿಂಗಾರು ಮಳೆ ಜೋರು, ಅಕ್ಟೋಬರಿಂದ ಡಿಸೆಂಬರ್‌ವರ್ಗೂ ಮಣ್ಣು ಕುಸಿದು ಗಾಡಿ ದಿನಗಟ್ಟಲೆ ನಿಲ್ಲೋದು ಹೊಸದೇನಲ್ಲ, ಆ ತಿಂಗಳಲ್ಲಿ ಟಿಕೆಟ್ ಮಾಡ್ಸೋರು ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಓಡ್ಸೋರಿಗೆ ಮಳೆ ಅಂದ್ರೆ ಹಲ್ಲುಪಟ್ಟಿ ಸಂದೀಲಿ ಸಿಕ್ಕೋ ಕಲ್ಲು. ಹಳಿ ಮೇಲೆ ಬಿದ್ದ ಕಲ್ಲು ಕಾಣುತ್ತೆ, ಎರಡು ಪಟ್ಟಿ ಮಧ್ಯೆ ಸಿಕ್ಕಿರೋ ಮುಷ್ಟಿಗಾತ್ರದ ಕಲ್ಲು ಕಾಣಲ್ಲ, ಅದರ ಮೇಲೆ ಹಲ್ಲುಚಕ್ರ ಹತ್ತಿದ್ರೆ ಇಂಜಿನ್ನೇ ಎದ್ದುಬಿಡುತ್ತೆ. ಅದಕ್ಕೇ ಗ್ಯಾಂಗ್‌ಮನ್‌ಗಳು ನಡ್ಕೊಂಡು ಹೋಗಿ ಹಳಿ ನೋಡೋದು ಈ ಲೈನಿನ ಪ್ರಾಣ, ಅವ್ರ ಮಾತು ಬರದೇ ಗಾಡಿ ಬಿಡ್ಬಾರ್ದು. ಕಲ್ಲಾರ್, ಹಿಲ್‌ಗ್ರೋವ್ ಕಡೆ ಆನೆಗಳು ಹಳಿ ದಾಟ್ತಾವೆ, ಹಳಿ ಮೇಲೇ ನಡ್ಕೊಂಡೂ ಬರ್ತಾವೆ, ಒಂದು ಕಡೆ ಬಂಡೆ ಇನ್ನೊಂದು ಕಡೆ ಕಣಿವೆ ಇರೋ ಜಾಗದಲ್ಲಿ ಅವಕ್ಕೆ ಪಕ್ಕಕ್ಕೆ ಹೋಗೋಕೆ ದಾರಿ ಇರಲ್ಲ. ಗಾಡಿ ನಿಲ್ಸಿ, ಸಿಳ್ಳೆ ಹಾಕಿ ಹೆದರಿಸ್ಬೇಡಿ, ಡ್ರೇನ್ ಕಾಕ್ ತೆಗೆದು ಉಗಿ ಬುಸ್ ಅನ್ನಿಸ್ಬೇಡಿ, ಅವು ತಾವಾಗೇ ಹೋಗೋವರ್ಗೂ ಕಾಯಿರಿ. ಅವುಗಳ ಕಾಡಲ್ಲಿ ಹಳಿ ಹಾಕಿರೋದು ನಾವು.

ಶೆಡ್ಡಿಗೆ ಬಂದ ಮೇಲೆ

ಕೆಳಗೆ ಬಂದು ಜನ ಇಳಿದು ಹೋದ ಮೇಲೆ ಇನ್ನೂ ಕೆಲಸ ಇದೆ. ಬಾಯ್ಲರ್ ಪೂರ್ತಿ ಮೇಲಿನ ಮಟ್ಟದವರ್ಗೂ ನೀರು ತುಂಬಿ, ಯಾಕಂದ್ರೆ ತಣ್ಣಗಾಗ್ತಾ ನೀರು ಕುಗ್ಗುತ್ತೆ, ಬೆಳಿಗ್ಗೆ ಇಂಜೆಕ್ಟರಿಗೆ ಉಗಿ ಇರಲ್ಲ. ಎಣ್ಣೆ ಉರಿ ಆರಿಸಿದ ತಕ್ಷಣ ಗಾಳಿ ಒಳಗೆ ಬಿಡೋ ಡ್ಯಾಂಪರ್ ಮುಚ್ಚಿ, ಚಿಮಣಿಗೂ ಮುಚ್ಚಳ ಹಾಕಿ, ತಣ್ಣನೆ ಗಾಳಿ ಬಿಸಿ ಕೊಳವೆ ಒಳಗೆ ಓಡಾಡಿದ್ರೆ ಬೆಳಿಗ್ಗೆ ಸೋರೋಕೆ ಶುರುವಾಗಿರುತ್ತೆ. ಹಲ್ಲುಚಕ್ರದ ಹಲ್ಲುಗಳನ್ನ ಒಂದೊಂದಾಗಿ ಬಟ್ಟೆಯಿಂದ ಒರೆಸಿ ನೋಡಿ, ಸವೆತ ಒಂದೇ ಕಡೆ ಇದ್ರೆ ಬರೆದಿಡಿ. ದಿನದಲ್ಲಿ ಕೇಳಿದ ಹೊಸ ಶಬ್ದ, ಬಿಸಿಯಾದ ಬೇರಿಂಗು, ನಿಧಾನವಾದ ಇಂಜೆಕ್ಟರು, ಎಲ್ಲಾ ರಿಪೇರಿ ಪುಸ್ತಕದಲ್ಲಿ ಯಾವ ಜಾಗ, ಹತ್ತುವಾಗ್ಲೋ ಇಳಿಯುವಾಗ್ಲೋ, ಎಷ್ಟು ಹೊತ್ತು ಅಂತ ಬಿಡಿಸಿ ಬರೀರಿ. "ಸದ್ದು ಬರ್ತಿದೆ" ಅಂತಷ್ಟೇ ಬರೆದ್ರೆ ಫಿಟ್ಟರಿಗೆ ಎಲ್ಲಿ ಕೈ ಹಾಕ್ಬೇಕು ಅಂತ ಗೊತ್ತಾಗಲ್ಲ. ಬಾಯ್ಲರ್ ತೊಳೆಯೋ ದಿನ ಬಂದಾಗ ತೊಳೆಯೋಕೆ ಇಟ್ಟಿರೋ ತೂತುಗಳ ಪ್ಲಗ್ ತೆಗೆದು ಒಳಗಿನ ಕೆಸರು, ಸುಣ್ಣದ ಪದರ ಎಲ್ಲಾ ಪೈಪ್ ಹಾಕಿ ತೊಳೀಬೇಕು, ಅದಕ್ಕೂ ಬಾಯ್ಲರ್ ತಾನಾಗೇ ತಣಿಯೋವರ್ಗೂ ಕಾಯ್ಬೇಕು, ಬೇಗ ಆಗ್ಲಿ ಅಂತ ಬಿಸಿ ಬಾಯ್ಲರಿಗೆ ತಣ್ಣೀರು ಬಿಡ್ಬೇಡಿ. ತೊಳೆದು ಪ್ಲಗ್ ಹಾಕುವಾಗ ತೆಗೆದ ಪ್ಲಗ್ಗನ್ನ ತೆಗೆದ ತೂತಿಗೇ ಹಾಕಿ, ತಿರುಪಿನ ಎಳೆಗೆ ಸ್ವಲ್ಪ ಗ್ರಾಫೈಟ್ ಹಚ್ಚಿ, ಮೊದ್ಲು ಕೈಯಿಂದಾನೇ ತಿರುಗ್ಸಿ, ಸ್ಪ್ಯಾನರ್ ಆಮೇಲೆ.